ಟಿಪ್ಪು ಬಚ್ಚಿಟ್ಟಿದ್ದ ಕನಸುಗಳು

(1/6)
ಶ್ರೀರಂಗಪಟ್ಟಣಕ್ಕೆ ಹೋದ್ರೆ ನಾವೆಲ್ಲ ಫೋಟೋ ತೆಗೆಯೋದು ಎಲ್ಲಿ? ರಂಗನಾಥನ ಗೋಪುರ, ದರಿಯಾ ದೌಲತ್, ಗುಂಬಜ್, ಸಂಗಮ. ದೇವಸ್ಥಾನದ ಹತ್ತಿರವೇ ಇರೋ ಲಾಲ್ ಮಹಲ್ ಕಡೆ ಮೊಬೈಲ್ ತಿರುಗಿಸೋರು ಕಡಿಮೆ. ತಿರುಗಿಸಿದ್ರೂ ಕಾಣೋದು ಬರೀ ಪಾಳು. ಟಿಪ್ಪು ವಾಸವಿದ್ದ ಅರಮನೆ ಅದು. 1799ರ ಮೇ 4ರಂದು ಕೋಟೆ ಬಿತ್ತು, ಟಿಪ್ಪು ಸತ್ತ. ಆಮೇಲೆ ಅರಮನೆಯನ್ನು ಜಾಲಾಡಿದ ಇಂಗ್ಲಿಷರಿಗೆ ಮಲಗುವ ಕೋಣೆಯಲ್ಲಿ ಒಂದು ಸಣ್ಣ ಪುಸ್ತಕ ಸಿಕ್ಕಿತು. ಅದರಲ್ಲಿ ಲೆಕ್ಕಪತ್ರ ಇರಲಿಲ್ಲ, ಯುದ್ಧದ ನಕ್ಷೆ ಇರಲಿಲ್ಲ. ಕನಸುಗಳಿದ್ದವು ಕಣ್ರಪ್ಪ.

(2/6)
ಪುಸ್ತಕ ಕಂಡುಹಿಡಿದವನು ಕರ್ನಲ್ ವಿಲಿಯಂ ಕರ್ಕ್‌ಪ್ಯಾಟ್ರಿಕ್. ಪರ್ಷಿಯನ್ ಭಾಷೆ, ಟಿಪ್ಪುವಿನದೇ ಕೈಬರಹ, ಒಟ್ಟು 37 ಕನಸು. ಮುನ್ಷಿ ಹಬೀಬುಲ್ಲಾಗೆ ಇಂಥದ್ದೊಂದು ಪುಸ್ತಕ ಇರೋದು ಗೊತ್ತಿತ್ತು, ಆದ್ರೆ ಒಳಗೇನಿದೆ ಅಂತ ಗೊತ್ತಿರಲಿಲ್ಲ. ಬರೆಯುವಾಗಲೋ ಓದುವಾಗಲೋ ಯಾರಾದ್ರೂ ಹತ್ತಿರ ಬಂದ್ರೆ ಟಿಪ್ಪು ತಟ್ಟನೆ ಮುಚ್ಚಿಡುತ್ತಿದ್ದನಂತೆ. ನಾವು ಡೈರಿಯನ್ನು ಅಣ್ಣನ ಕಣ್ಣಿಗೆ ಬೀಳದ ಹಾಗೆ ಇಟ್ಕೊಳ್ಳಲ್ವಾ, ಹಾಗೆ! ಈಗ ಅದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ.

(3/6)
ಕನಸಲ್ಲಿ ಏನೇನಿತ್ತು? ಚೀನಾದ ಚಕ್ರವರ್ತಿ ಬಿಳಿ ಆನೆ ಕಳಿಸಿದ್ದು. ಬೆಳ್ಳಿ ತಟ್ಟೆಗಳಲ್ಲಿ ತಾಜಾ ಖರ್ಜೂರ ಬಂದದ್ದು. ಗಂಡಸಿನ ವೇಷ ತೊಟ್ಟ ಒಬ್ಬ ಹೆಂಗಸು. ಈ ಕೊನೆಯದಕ್ಕೆ ಅವನೇ ಅರ್ಥ ಬರೆದುಕೊಂಡ: ಮರಾಠರು ನೋಡೋಕೆ ಗಂಡಸರು, ಯುದ್ಧಕ್ಕೆ ನಿಂತ್ರೆ ಹಾಗಲ್ಲ ಅಂತ. ಇವತ್ತು ಓದಿದ್ರೆ ನಮ್ಮ ಕ್ಲಾಸಿನ ಹುಡುಗಿಯರು ಸುಮ್ನೆ ಬಿಡಲ್ಲ, ಬಿಡಲೂಬಾರದು. ಆದ್ರೆ ಅದರ ಹಿಂದೆ ಒಂದು ಗಾಯ ಇತ್ತೇನೋ ಅಂತ ನನಗನ್ನಿಸುತ್ತೆ. 1771ರಲ್ಲಿ ನಮ್ಮ ಪಾಂಡವಪುರ ತಾಲ್ಲೂಕಿನ ಚಿನಕುರಳಿ ಹತ್ತಿರ ಮರಾಠರು ಹೈದರಾಲಿಯನ್ನು ಹೀನಾಯವಾಗಿ ಸೋಲಿಸಿದ್ದರು. ಆ ದಂಡಿನಲ್ಲಿ ಹರೆಯದ ಟಿಪ್ಪುವೂ ಇದ್ದ.

(4/6)
ನನಗೆ ತುಂಬಾ ಕಾಡಿದ್ದು ಇನ್ನೊಂದು ಕನಸು. ಒಂದು ದೊಡ್ಡ ದೇವಸ್ಥಾನ, ಹಿಂಭಾಗ ಸ್ವಲ್ಪ ಹಾಳಾಗಿದೆ. ಒಳಗೆ ವಿಗ್ರಹಗಳ ಸಾಲು, ಅವುಗಳ ಕಣ್ಣು ಆಡ್ತಾ ಇವೆ. ಅವುಗಳಲ್ಲಿ ಇಬ್ಬರು ಹೆಂಗಸರು ಎದ್ದು, ನಾವು ದೇವರನ್ನು ಪ್ರಾರ್ಥಿಸ್ತಿದ್ದೇವೆ ಅಂತಾರೆ. ಹಾಗೇ ಮುಂದುವರಿಸಿ ಅಂತ ಹೇಳಿದ ಟಿಪ್ಪು, ಕಟ್ಟಡ ರಿಪೇರಿ ಮಾಡಿ ಅಂತ ತನ್ನ ಜನಕ್ಕೆ ಅಪ್ಪಣೆ ಕೊಡ್ತಾನೆ. ಯಾರಿಗೂ ತೋರಿಸದ ಪುಸ್ತಕದಲ್ಲಿ ಬರೆದ ಮಾತಿದು, ಮೆಚ್ಚಿಸೋಕೆ ಎದುರಿಗೆ ಯಾರೂ ಇರಲಿಲ್ಲ.

ಹಾಗಂತ ಇಷ್ಟಕ್ಕೇ ಕತೆ ಮುಗಿಸಿದ್ರೆ ಮೋಸ ಆಗುತ್ತೆ. ರಂಗನಾಥನಿಗೆ ಟಿಪ್ಪು ಕೊಟ್ಟ ಬೆಳ್ಳಿ ಬಟ್ಟಲುಗಳ ಬಗ್ಗೆ ನಾವು ಹೇಳ್ತೀವಿ. ಮೇಲುಕೋಟೆಯ ಮಂಡಯಂ ಅಯ್ಯಂಗಾರ್ ಮನೆತನಗಳು ಟಿಪ್ಪು ಕಾಲದಲ್ಲಿ ತಮ್ಮವರ ಹತ್ಯೆಯಾಯಿತು ಎಂದು ನೆನೆದು ಇಂದಿಗೂ ನರಕ ಚತುರ್ದಶಿ ಆಚರಿಸುವುದಿಲ್ಲ. ಅದನ್ನೂ ಹೇಳಬೇಕು. ಎರಡೂ ನಮ್ಮ ಮಣ್ಣಿನದೇ.

(5/6)
ಮೇಲುಕೋಟೆ ಅಂದ್ರೆ ಅದೂ ಕನಸಿನ ಊರೇ. ತೊಂಡನೂರಿನಲ್ಲಿದ್ದ ರಾಮಾನುಜಾಚಾರ್ಯರ ಕನಸಿಗೆ ಬಂದು, ‘ನಾನು ಯದುಗಿರಿಯ ಮಣ್ಣಿನಡಿ ಇದ್ದೇನೆ’ ಅಂತ ಸ್ವಾಮಿ ಹೇಳಿದ್ದು ಅಲ್ಲಿನ ಸ್ಥಳಪುರಾಣ. ಉತ್ಸವಮೂರ್ತಿ ಚೆಲುವಪಿಳ್ಳೆ ದಿಲ್ಲಿಯಿಂದ ಬಂದ, ಅವನನ್ನು ಬಿಟ್ಟಿರಲಾರದೆ ಸುಲ್ತಾನನ ಮಗಳು ಹಿಂದೆಯೇ ಬಂದಳು ಅಂತಲೂ ಹೇಳ್ತಾರೆ. ಬೀಬಿ ನಾಚ್ಚಿಯಾರ್ ಅಂತ ಅವಳಿಗೆ ಸ್ವಾಮಿಯ ಪಾದದ ಬಳಿಯೇ ಜಾಗ. ಒಂದು ಕನಸಿನಿಂದ ಗುಡಿ, ಜಾತ್ರೆ, ಹಾಡು, ಒಂದು ಊರೇ ಹುಟ್ಟಿತು. ಟಿಪ್ಪುವಿನ ಕನಸುಗಳು ಮಾತ್ರ ಸುಮಾರು ಇನ್ನೂರು ವರ್ಷ ಕಲೆಗಾರನೊಬ್ಬನಿಗಾಗಿ ಕಾಯಬೇಕಾಯ್ತು.

(6/6)
ಆ ಕಲೆಗಾರ ಗಿರೀಶ್ ಕಾರ್ನಾಡ್. ಭಾರತ ಸ್ವತಂತ್ರವಾಗಿ 50 ವರ್ಷ ಆದ ಸಂದರ್ಭಕ್ಕೆ ಬಿಬಿಸಿ ಅವರಿಂದ ಒಂದು ರೇಡಿಯೋ ನಾಟಕ ಬರೆಸಿತು. ಅವರು ಆರಿಸಿಕೊಂಡದ್ದು ಈ ಪುಸ್ತಕವನ್ನು. ಕನ್ನಡದಲ್ಲಿ ಅದು ‘ಟಿಪ್ಪು ಸುಲ್ತಾನ್ ಕಂಡ ಕನಸು’. ನಾಟಕದಲ್ಲಿ ಇತಿಹಾಸಕಾರ ಕಿರ್ಮಾನಿ ಮತ್ತು ಇಂಗ್ಲಿಷರ ಮೆಕೆಂಜಿ ಕೂತು ಸತ್ತವನ ಬಗ್ಗೆ ಮಾತಾಡ್ತಾರೆ. ಒಬ್ಬ ಅವನ ಉಪ್ಪು ತಿಂದವನು, ಇನ್ನೊಬ್ಬ ಗೆದ್ದವರ ಕಡೆಯವನು. 1792ರ ಒಪ್ಪಂದದಲ್ಲಿ ಅರ್ಧ ರಾಜ್ಯ ಕಳೆದುಕೊಂಡು ಇಬ್ಬರು ಮಕ್ಕಳನ್ನು ಒತ್ತೆ ಕೊಟ್ಟ ಅಪ್ಪನೂ ಅಲ್ಲಿ ಕಾಣಿಸ್ತಾನೆ. ಹುಲಿ ಅಂತ ಹೊಗಳೋರಿಗೂ, ಕಟುಕ ಅಂತ ಬಯ್ಯೋರಿಗೂ ನಿದ್ದೆಯಲ್ಲಿ ಬೆಚ್ಚಿಬೀಳೋ ಮನುಷ್ಯ ಅಷ್ಟು ಸುಲಭಕ್ಕೆ ಸಿಗಲ್ಲ. ಕಾರ್ನಾಡರಿಗೆ ಸಿಕ್ಕಿದ.

ನಾಗಮಂಗಲ, ಕೆ.ಆರ್.ಪೇಟೆ ಕಡೆಯಿಂದ ಬರೋ ಸ್ನೇಹಿತರೇ, ಮುಂದಿನ ಸಲ ಪಟ್ಟಣಕ್ಕೆ ಬಂದಾಗ ಆ ಪಾಳು ಅರಮನೆ ಹತ್ತಿರ ಐದು ನಿಮಿಷ ನಿಲ್ಲಿ. ಫೋಟೋ ಆಮೇಲೆ. ಮನೆಗೆ ಹೋಗಿ ಅಜ್ಜಿಯನ್ನೋ ತಾತನನ್ನೋ ಕೇಳಿ, ಅವರು ಇನ್ನೂ ಮರೆಯದ ಕನಸು ಯಾವುದು ಅಂತ. ಕೇಳಿ ಬರೆದಿಡಿ. ಬಚ್ಚಿಟ್ರೂ ಪರವಾಗಿಲ್ಲ, ಬರೆದಿಡಿ.

#ಶ್ರೀರಂಗಪಟ್ಟಣ #ಮೇಲುಕೋಟೆ #ನಮ್ಮಮಂಡ್ಯ #ಇತಿಹಾಸ