ಬಡ ವಿದ್ಯಾರ್ಥಿಯ ಶುಲ್ಕ ಯಾರ ಹೊಣೆ?

ಖಾಸಗಿ ಕಾಲೇಜಿನಲ್ಲಿ ಓದುವ ಬಡ ವಿದ್ಯಾರ್ಥಿಯ ಶುಲ್ಕವನ್ನು ಸರಕಾರ ಏಕೆ ಭರಿಸಬೇಕು? ಹಣವಿದ್ದವರು ಖಾಸಗಿಗೆ ಹೋಗಲಿ, ಇಲ್ಲದವರು ಸರಕಾರಿ ಕಾಲೇಜಿಗೆ ಹೋಗಲಿ ಎಂದು ವಾದಿಸುವವರಿದ್ದಾರೆ. ಈ ವಾದ ಎಷ್ಟು ಪೊಳ್ಳೆಂಬುದನ್ನು ಅರಿಯಲು ನಾವು ಕರ್ನಾಟಕದ ಶಿಕ್ಷಣ ಚರಿತ್ರೆಯನ್ನೊಮ್ಮೆ ತಿರುವಿ ನೋಡಬೇಕು.

1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಆರಂಭವಾಯಿತು. ಮುಂದಿನ ದಶಕಗಳಲ್ಲಿ ರಾಜ್ಯದ ವೈದ್ಯಕೀಯ ಮತ್ತು ಇಂಜಿನಿಯರಿಂಗ್ ಸೀಟುಗಳ ದೊಡ್ಡ ಪಾಲು ಖಾಸಗಿಯವರ ಕೈಸೇರಿತು. ಜೊತೆಗೆ ಕ್ಯಾಪಿಟೇಶನ್ ಹಾವಳಿಯೂ ಬೆಳೆಯಿತು. ಅದನ್ನು ತಡೆಯಲು 1984ರಲ್ಲಿ ಕಾನೂನು ಬಂತು. ಆದರೆ 1989ರಲ್ಲಿ ಸರಕಾರವೇ ಹೊರಡಿಸಿದ ಅಧಿಸೂಚನೆ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರಕಾರಿ ಸೀಟಿಗೆ ವರ್ಷಕ್ಕೆ 2,000 ರೂ. ನಿಗದಿಪಡಿಸಿ, ರಾಜ್ಯದ ಇತರ ವಿದ್ಯಾರ್ಥಿಗಳಿಂದ 25,000, ಹೊರರಾಜ್ಯದವರಿಂದ 60,000 ರೂ.ವರೆಗೆ ಪಡೆಯಲು ಅವಕಾಶ ನೀಡಿತು. 1992ರ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ.

1993ರಲ್ಲಿ ಉನ್ನಿಕೃಷ್ಣನ್ ತೀರ್ಪು ಬಂತು. ಅರ್ಧದಷ್ಟು ಸೀಟು ಉಚಿತ, ಇನ್ನರ್ಧ ಪಾವತಿ ಸೀಟು. ಉಚಿತ ಸೀಟಿನವನ ಖರ್ಚನ್ನು ಪಾವತಿ ಸೀಟಿನವನು ಹೊರಬೇಕು. ಮೇಲ್ನೋಟಕ್ಕೆ ಇದು ನ್ಯಾಯವೆನಿಸುತ್ತದೆ. ಆದರೆ ಉಚಿತ ಸೀಟು ಸಿಗುತ್ತಿದ್ದುದು ರ‍್ಯಾಂಕ್ ನೋಡಿ, ಮನೆಯ ಸ್ಥಿತಿ ನೋಡಿ ಅಲ್ಲ. ನಗರದ ಉತ್ತಮ ಶಾಲೆಯಲ್ಲಿ ಕಲಿತು, ಕೋಚಿಂಗ್ ಪಡೆದ ಉಳ್ಳವರ ಮಕ್ಕಳು ಉಚಿತ ಸೀಟು ಪಡೆದರು. ಹಳ್ಳಿಯ ಹುಡುಗ ಸಾಲ ಮಾಡಿ ಪಾವತಿ ಸೀಟಿಗೆ ಹೋದ. ಬಡವನೇ ಶ್ರೀಮಂತನ ಶುಲ್ಕ ಕಟ್ಟಿದಂತಾಯಿತು!

2002ರ ಅಕ್ಟೋಬರ್ 31ರಂದು ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಹನ್ನೊಂದು ನ್ಯಾಯಾಧೀಶರ ಪೀಠ ಈ ವಿಪರ್ಯಾಸವನ್ನು ಗುರುತಿಸಿ ಆ ವ್ಯವಸ್ಥೆಯನ್ನು ರದ್ದುಪಡಿಸಿತು. ಶುಲ್ಕದಿಂದಲೇ ನಡೆಯಬಲ್ಲ ಸಂಸ್ಥೆಗಳಿಗೆ ಹಣ ಸುರಿಯುವ ಬದಲು, ಸರಕಾರಿ ಶಾಲೆಗಳ ಸೌಲಭ್ಯ ಸುಧಾರಿಸಿ ಅಲ್ಲಿ ಓದುವವರ ಶುಲ್ಕಕ್ಕೆ ಸರಕಾರ ನೆರವಾಗಬಹುದೆಂಬ ದಾರಿಯನ್ನೂ ತೋರಿತು. ಅಂದರೆ ಹೊಣೆ ಸಹಪಾಠಿಯ ಹೆಗಲಿನಿಂದ ಇಳಿದು ಸಮಾಜದ ಬೊಕ್ಕಸದ ಮುಂದೆ ಬಂದು ನಿಂತಿತು.

ಬೊಕ್ಕಸ ಆ ಹೊಣೆಯನ್ನು ಹೇಗೆ ಹೊತ್ತಿತು? ಸಾಚಾರ್ ವರದಿಯ ಮರುವರ್ಷ, 2007-08ರಲ್ಲಿ, ವೃತ್ತಿಪರ ಹಾಗೂ ತಾಂತ್ರಿಕ ಕೋರ್ಸುಗಳ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ಕೇಂದ್ರ ಸರಕಾರ ಮೆರಿಟ್ ಕಮ್ ಮೀನ್ಸ್ ವಿದ್ಯಾರ್ಥಿವೇತನ ಆರಂಭಿಸಿತು. ಪ್ರತಿಭೆಯ ಜೊತೆ ಕುಟುಂಬದ ಆದಾಯವನ್ನೂ ನೋಡುತ್ತಿದ್ದ ಯೋಜನೆಯದು. ಆದಾಯ ಮಿತಿ ವರ್ಷಕ್ಕೆ ಎರಡೂವರೆ ಲಕ್ಷ ರೂ. ಇತ್ತು. ಶೇ. 30ರಷ್ಟು ಹೆಣ್ಣುಮಕ್ಕಳಿಗೆ ಮೀಸಲಾಗಿತ್ತು. ಪಟ್ಟಿಯಲ್ಲಿದ್ದ ಕೆಲವು ಪ್ರತಿಷ್ಠಿತ ಸಂಸ್ಥೆಗಳಲ್ಲಿ ಪೂರ್ಣ ಶುಲ್ಕ. ಉಳಿದೆಡೆ ಗರಿಷ್ಠ 20,000 ರೂ. ಮಾತ್ರ. ಹದಿನೈದು ವರ್ಷಗಳಲ್ಲಿ ಕಾಲೇಜುಗಳ ಶುಲ್ಕ ಹಲವು ಪಟ್ಟು ಏರಿದರೂ ಈ ಮೊತ್ತ ಮಾತ್ರ ಏರಲಿಲ್ಲ. ನೆರೆಯ ಆಂಧ್ರಪ್ರದೇಶ 2008ರಲ್ಲಿ ಶುಲ್ಕ ಮರುಪಾವತಿ ಯೋಜನೆಯ ಮೂಲಕ ಉದಾರವಾಗಿ ಕೈನೀಡಿತು. ಆದರೆ ಅಲ್ಲಿ ಕಾಲೇಜುಗಳಿಗೆ ಬರಬೇಕಾದ ಬಾಕಿ ಬೆಟ್ಟದಷ್ಟಾಯಿತು.

ಎರಡೂ ಕಲಿಸುವ ಪಾಠ ಒಂದೇ. ನೆರವು ನಿಜವಾದ ಬಡವನಿಗೆ ತಲುಪಬೇಕು, ಶುಲ್ಕಕ್ಕೆ ಸಾಲುವಷ್ಟಿರಬೇಕು, ಸಮಯಕ್ಕೆ ಸಿಗಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಸೀಟು ಕೈತಪ್ಪುತ್ತದೆ. ವಿದ್ಯಾರ್ಥಿವೇತನವನ್ನು ಯಾವುದೋ ಸಮುದಾಯದ ಓಲೈಕೆಯೆಂದು ಹಳಿಯುವವರು, ಉಚಿತ ಸೀಟಿನ ಕಾಲದಲ್ಲಿ ಯಾರ ಹಣದಲ್ಲಿ ಯಾರು ಓದಿದರೆಂಬುದನ್ನು ಒಮ್ಮೆ ನೆನಪಿಸಿಕೊಳ್ಳುವುದು ಒಳಿತು.