ವಿಲಾಯತಿ ಟಪಾಲಿನ ಖರ್ಚು ಯಾರ ತಲೆಗೆ?

ಕೂಡುಕುಟುಂಬದಲ್ಲಿ ಬಾಳಿದ ಅಕ್ಕಂದಿರಿಗೆಲ್ಲ ಒಂದು ಜಗಳ ಗೊತ್ತಿದ್ದೇ ಇದ್ದು. ಒಲೆ ಒಂದೇ, ಉಪ್ಪಿನ ಭರಣಿ ಒಂದೇ, ಆದ್ರೆ ಖರ್ಚಿನ ಪಾಲು ಹಾಕುವಾಗ ಮಾತ್ರ ಮಾತು ಬೇರೆ. ದೊಡ್ಡ ಭಾವನ ನೆಂಟರು ಬಂದ್ರೆ ಚಾ-ಸಕ್ಕರೆ ಯಾರ ಲೆಕ್ಕಕ್ಕೆ? ತೋಟದ ಪಂಪಿನ ಕರೆಂಟ್ ಬಿಲ್ಲು ಯಾರು ಕಟ್ಟವು? ಇಂಥದ್ದೇ ಒಂದು ಪಾಲಿನ ಜಗಳದ ಕತೆ ಈ ಸಲ ಹೇಳವು ಹೇಳಿ ಇದ್ದು. ಆದ್ರೆ ಮನೆ ಮಾತ್ರ ರಾಶಿ ದೊಡ್ಡದು, ಬ್ರಿಟಿಷ್ ಸಾಮ್ರಾಜ್ಯ. ಜಗಳ ಸಮುದ್ರದಾಚೆ ಟಪಾಲು ಒಯ್ಯುವ ಹಡಗಿನ ಖರ್ಚಿನದು. ನಮ್ಮ ಕುಮಟೆ, ಹೊನ್ನಾವರ, ಭಟ್ಕಳದವರ ದುಡ್ಡೂ ಆ ಲೆಕ್ಕದೊಳಗೆ ಇತ್ತು.

ಮೊದಲು ಟಪಾಲು ಹಾಯಿಹಡಗಿನಲ್ಲಿ ಹೋಗ್ತಿತ್ತು. ಆಫ್ರಿಕದ ತುದಿ ಸುತ್ತಿ ಹೋಗುವ ದಾರಿ, ಗಾಳಿ ಕರುಣೆ ತೋರಿಸಿದ್ರೂ ತಿಂಗಳುಗಟ್ಟಲೆ ಬೇಕು. ಬಾಳಂತನದ ಸುದ್ದಿ ಬರೆದು ಕಳಿಸಿದ್ರೆ ಉತ್ತರ ಬರೋದ್ರೊಳಗೆ ಮಗು ಅಂಗಳದಲ್ಲಿ ಓಡಾಡ್ತಿತ್ತು ಹೇಳಿ ಲೆಕ್ಕ. ಹಾಂಗಾಗಿ ಉಗಿಹಡಗು ಬಂದ ಕೂಡ್ಲೆ ಎಲ್ಲರ ಕಣ್ಣು ಅದ್ರ ಮೇಲೆ ಬಿತ್ತು. 1825ರಲ್ಲಿ ‘ಎಂಟರ್‌ಪ್ರೈಸ್’ ಹೇಳುವ ಹಡಗು ಇಂಗ್ಲೆಂಡಿನಿಂದ ಕಲ್ಕತ್ತೆಗೆ ಬಂತು. ಎಪ್ಪತ್ತು ದಿನದಲ್ಲಿ ಬರಲಿ ಹೇಳಿ ಆಸೆ ಇತ್ತು, ಹಿಡಿದದ್ದು 113 ದಿನ.

ಆಮೇಲೆ ಮುಂಬೈಯವರು ಬೇರೆ ದಾರಿ ಹಿಡಿದ್ರು. ಮುಂಬೈಯಿಂದ ಸುಯೆಜ್‌ಗೆ ಹಡಗು, ಅಲ್ಲಿಂದ ಈಜಿಪ್ಟಿನ ನೆಲದ ಮೇಲೆ ಒಂಟೆ-ಗಾಡಿ, ಮತ್ತೆ ಆಚೆ ಸಮುದ್ರಕ್ಕೆ ಬೇರೆ ಹಡಗು. 1830ರ ಮಾರ್ಚ್ 20ಕ್ಕೆ ‘ಹ್ಯೂ ಲಿಂಡ್ಸೆ’ ಹೇಳುವ ಉಗಿಹಡಗು ಮುಂಬೈ ಬಿಟ್ಟಿತು. ಅದನ್ನ ಕಟ್ಟಿದ್ದೂ ಮುಂಬೈಯಲ್ಲೇ. ಐದಾರು ದಿನಕ್ಕಾಗುವಷ್ಟೇ ಕಲ್ಲಿದ್ದಲು ಹಿಡಿಯುವ ಹಡಗು ಅದು, ಏಡನ್ ಮುಟ್ಟಲಿಕ್ಕೆ ಅದ್ರ ಎರಡು ಪಾಲು ದಿನ ಬೇಕು. ಹಾಂಗಾಗಿ ಜನ ಕೂರುವ ಕೋಣೆಗೂ ಕಲ್ಲಿದ್ದಲು ತುಂಬಿದ್ರು. ಒಂದು ತಿಂಗಳ ಮೇಲಾದ್ರೂ ಹಡಗು ಸುಯೆಜ್ ಮುಟ್ಟಿತು. ಎಲ್ಲ ಖುಷಿ ಪಡವು ಅಲ್ದಾ? ಲಂಡನ್ನಿನಲ್ಲಿ ಕೂತ ಈಸ್ಟ್ ಇಂಡಿಯಾ ಕಂಪನಿ ಯಜಮಾನರಿಗೆ ಮಾತ್ರ ಖರ್ಚು ನೋಡಿ ಸಿಟ್ಟು ಬಂತು. ಇಷ್ಟು ದುಡ್ಡು ಸುಟ್ಟು ಕಾಗದ ತರುವ ಕೆಲಸ ಬ್ಯಾಡ ಹೇಳಿದ್ರು.

ಜಗಳ ಅಲ್ಲಿಂದ ಸುರು. ಕಂಪನಿ ಹೇಳೋದು: ಟಪಾಲಿನಿಂದ ಬ್ರಿಟಿಷ್ ಸರ್ಕಾರಕ್ಕೂ ಉಪಯೋಗ ಇದ್ದು, ಅವರೂ ಕೊಡಲಿ. ಸರ್ಕಾರ ಹೇಳೋದು: ಇಂಡಿಯಾದ ಆದಾಯ ತಿನ್ನುವವರು ನೀವು, ನೀವೇ ಕೊಡಿ. 1834ರಲ್ಲಿ ಪಾರ್ಲಿಮೆಂಟಿನ ಸಮಿತಿ ಕೂತು ವಿಚಾರಿಸಿತು. 1837ರಲ್ಲಿ ಒಂದು ಒಪ್ಪಂದ ಆಯ್ತು. ಮೆಡಿಟರೇನಿಯನ್ ಸಮುದ್ರದ ಬದಿ ಸರ್ಕಾರದ್ದು, ಕೆಂಪು ಸಮುದ್ರದ ಬದಿ ಕಂಪನಿಯದ್ದು, ಅದ್ರ ಖರ್ಚಿಗೂ ಬ್ರಿಟಿಷ್ ಬೊಕ್ಕಸ ಒಂದು ಪಾಲು ಕೊಡವು.

ಮುಂದೆ ಪಿ ಅಂಡ್ ಓ ಹೇಳುವ ಖಾಸಗಿ ಹಡಗು ಕಂಪನಿ ಬಂತು. 1842ರಿಂದ ಅವರ ಹಡಗು ಸುಯೆಜ್–ಕಲ್ಕತ್ತೆ ಓಡಾಡಿತು. 1845ರ ಹೊತ್ತಿಗೆ ಕಲ್ಕತ್ತೆ ಮತ್ತೆ ಚೀನಾ ಎರಡೂ ದಾರಿಗೆ ಸೇರಿ ವರ್ಷಕ್ಕೆ 1,60,000 ಪೌಂಡ್ ಸಹಾಯಧನ. ಮುಂಬೈ–ಸುಯೆಜ್ ದಾರಿಯನ್ನ ಮಾತ್ರ ಈಸ್ಟ್ ಇಂಡಿಯಾ ಕಂಪನಿ ಬಿಟ್ಟುಕೊಡಲಿಲ್ಲೆ. ತಡ ಆಗ್ತು, ದುಬಾರಿ ಆಗ್ತು ಹೇಳಿ ಮುಂಬೈ ವ್ಯಾಪಾರಸ್ಥರು ಕೂಗಿ ಕೂಗಿ, ಕಡೆಗೆ 1854ರ ಒಪ್ಪಂದದಲ್ಲಿ ಅದೂ ಪಿ ಅಂಡ್ ಓ ಕೈಗೆ ಹೋಯ್ತು.

ಈ ಹಡಗು ನಮಗೆಂತಕ್ಕೆ ಹೇಳಿ ಕೇಳ್ತ್ರಿ. ಅರವತ್ತರ ದಶಕದ ಕುಮಟೆಯನ್ನ ನೆನೆಸ್ಕಳಿ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿತು, ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರೋದು ನಿಂತಿತು. ಧಾರವಾಡ ಬದಿಯ ಹತ್ತಿ ಘಟ್ಟ ಇಳಿದು ನಮ್ಮ ಬಂದರಿಗೆ ಬಂತು, ‘ಕುಮಟಾ ಹತ್ತಿ’ ಹೇಳುವ ಹೆಸರು ಇಂಗ್ಲೆಂಡಿನ ಪೇಟೆಯಲ್ಲಿ ಓಡಾಡಿತು. 1862ರಲ್ಲಿ ಉತ್ತರ ಕನ್ನಡವನ್ನ ಮದ್ರಾಸಿನಿಂದ ತೆಗೆದು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದಕ್ಕೂ ಈ ಹತ್ತಿ ವ್ಯಾಪಾರವೇ ದೊಡ್ಡ ಕಾರಣ. ಲಿವರ್‌ಪೂಲಿನ ದರ ಏರಿತಾ ಇಳಿಯಿತಾ ಹೇಳೋದು ವಿಲಾಯತಿ ಟಪಾಲಿನಲ್ಲಿ ಬರವು. ಮುಂಬೈ ಮುಟ್ಟಿದ ಮೇಲೆ ನಮ್ಮ ಕರಾವಳಿಗೆ ಮತ್ತೊಂದು ದಾರಿ. ಮಳೆಗಾಲದಲ್ಲಿ ಸಣ್ಣ ಬಂದರೆಲ್ಲ ಬಂದ್. ಚೀಲ ಹೊತ್ತ ಓಟಗಾರ ಅಘನಾಶಿನಿ, ಶರಾವತಿ ಎಲ್ಲ ದೋಣಿಯಲ್ಲೇ ದಾಟವು, ಆಗ ಸೇತುವೆ ಎಲ್ಲಿತ್ತು? ದರದ ಸುದ್ದಿ ಮೊದ್ಲು ಸಿಕ್ಕಿದವ ಗೆದ್ದ, ತಡ ಆದವ ಸೋತ. 1865ರಲ್ಲಿ ಯುದ್ಧ ಮುಗಿದು ಹತ್ತಿ ದರ ಬಿದ್ದಾಗ ಸಾಲ ಮಾಡಿದವರ ಮನೆ ಮುಳುಗಿತು.

ವ್ಯಾಪಾರಸ್ಥರಿಗೆ ಟಪಾಲು ಬೇಕಿತ್ತು, ಖರೆ. ಆದ್ರೆ ಅದ್ರ ಖರ್ಚು ಹೋಗ್ತಿದ್ದದ್ದು ವ್ಯಾಪಾರಸ್ಥರ ಕಿಸೆಯಿಂದ ಮಾತ್ರ ಅಲ್ಲ. 1867ರ ಕರಾರು ನೋಡಿ. ಪಿ ಅಂಡ್ ಓಗೆ ವರ್ಷಕ್ಕೆ 4,00,000 ಪೌಂಡ್. ಅದ್ರ ಮೇಲೆ ಇನ್ನೊಂದು ಶರ್ತು: ಷೇರುದಾರರಿಗೆ ಶೇಕಡಾ 8ರ ಲಾಭ ಹಂಚಲಿಕ್ಕೆ ಆಗದಿದ್ರೆ 5,00,000ದವರೆಗೂ ಏರಿಸಿ ಕೊಡವು. ಎಷ್ಟು ಚೊಲೊ ಕರಾರು, ಅಲ್ದಾ! ಮಳೆ ಬರಲಿ ಬಿಡಲಿ, ಅಡಿಕೆಗೆ ಕೊಳೆ ಬರಲಿ ಬಿಡಲಿ, ಶೇಕಡಾ 8 ಖಾತ್ರಿ ಹೇಳಿ ನಮ್ಮ ತೋಟದವ್ಕೆ ಯಾರಾದ್ರೂ ಬರೆದು ಕೊಟ್ಟಿದ್ವಾ?

ಈ ದುಡ್ಡನ್ನ ಬ್ರಿಟನ್ ಮತ್ತೆ ಇಂಡಿಯಾ ಹಂಚ್ಕಳವು. ಯಾರದ್ದು ಎಷ್ಟು ಹೇಳಿ ವರ್ಷಗಟ್ಟಲೆ ಕಾಗದ ಓಡಾಡಿತು. ಇಂಡಿಯಾದ ಪಾಲು ಬರೋದು ಎಲ್ಲಿಂದ? ಭೂಮಿ ತೀರ್ವೆಯಿಂದ, ಉಪ್ಪಿನ ತೆರಿಗೆಯಿಂದ. 1882ರಲ್ಲಿ ಉಪ್ಪಿಗೆ ಮಣಕ್ಕೆ 2 ರೂಪಾಯಿ ತೆರಿಗೆ, 1888ರಲ್ಲಿ ಎರಡೂವರೆ. ನಮ್ಮ ಸಾಣಿಕಟ್ಟೆಯ ಗದ್ದೆಯಲ್ಲಿ ಬಿಸಿಲಿಗೆ ಬೆಂದು ತೆಗೆದ ಉಪ್ಪೂ ಈ ತೆರಿಗೆಯಿಂದ ತಪ್ಪಿಸ್ಕಳಲಿಲ್ಲೆ. ಒಂದು ಕಾಗದವನ್ನೂ ಬರೆಯದ, ಓದಲಿಕ್ಕೂ ಬಾರದ ಅಜ್ಜಿಯಕ್ಕ ಗಂಜಿಗೆ ಉಪ್ಪು ಹಾಕುವಾಗೆಲ್ಲ ಹಡಗಿನ ಕಲ್ಲಿದ್ದಲಿಗೆ ಒಂದು ಚಿಟಿಕೆ ಕೊಟ್ಟ ಲೆಕ್ಕ.

ಅದೇ 1867ರಲ್ಲಿ ಟರ್ಕಿಯ ಸುಲ್ತಾನ ಲಂಡನ್ನಿಗೆ ಬಂದಾಗ ಮಾಡಿದ ನೃತ್ಯಕೂಟದ ಖರ್ಚನ್ನೂ ಇಂಡಿಯಾದ ಲೆಕ್ಕಕ್ಕೇ ಬರೆದ್ರು. ಇನ್ನೊಂದು ಕತೆ ಇದ್ದು. 1859–60ರಲ್ಲಿ ಕೆಂಪು ಸಮುದ್ರದ ತಳದಲ್ಲಿ ಕರಾಚಿವರೆಗೆ ತಂತಿ ಹಾಸಿದ್ರು. ಅದು ಹಾಳಾಗಿ ಹೋಯ್ತು. ಆದ್ರೆ 8 ಲಕ್ಷ ಪೌಂಡ್ ಬಂಡವಾಳಕ್ಕೆ 50 ವರ್ಷ ಶೇಕಡಾ ನಾಲ್ಕೂವರೆ ಕೊಡ್ತೊ ಹೇಳಿ ಮೊದ್ಲೇ ಮಾತು ಕೊಟ್ಟಾಗಿತ್ತು. ಸತ್ತ ತಂತಿಗೆ ವರ್ಷಕ್ಕೆ 36,000 ಪೌಂಡ್, 1908ರವರೆಗೆ! ಅದ್ರಲ್ಲೂ ಇಂಡಿಯಾದ ಬೊಕ್ಕಸಕ್ಕೆ ಪಾಲು ಬಿತ್ತು.

ಹಾಂಗಂತ ಪಾಲು ಕೊಟ್ಟವರೆಲ್ಲ ಬಾಯಿ ಮುಚ್ಚಿ ಕೂತಿದ್ರು ಹೇಳಿ ಅಲ್ಲ. ಆಸ್ಟ್ರೇಲಿಯಾದ ವಸಾಹತುಗಳನ್ನ ನೋಡಿ. ವಿಕ್ಟೋರಿಯಾದವ್ಕೆ ಪಿ ಅಂಡ್ ಓ ಬೇಕು, ನ್ಯೂ ಸೌತ್ ವೇಲ್ಸ್‌ನವ್ಕೆ ಸ್ಯಾನ್ ಫ್ರಾನ್ಸಿಸ್ಕೋ ದಾರಿ ಬೇಕು, ಕ್ವೀನ್ಸ್‌ಲ್ಯಾಂಡಿಗೆ ಮತ್ತೊಂದು ದಾರಿ. ನಮ್ಮ ಬಂದರಿಗೆ ಬಾರದ ಹಡಗಿಗೆ ನಾವು ಎಂತಕ್ಕೆ ಕೊಡವು ಹೇಳಿ ಅವರವರ ಶಾಸನಸಭೆಯಲ್ಲೇ ಎದ್ದು ನಿಂತು ಕೇಳ್ತಿದ್ರು. 1898ರ ಡಿಸೆಂಬರ್ 25ಕ್ಕೆ ಸಾಮ್ರಾಜ್ಯದೊಳಗೆ ಒಂದು ಪೆನ್ನಿ ಟಪಾಲು ಜಾರಿಗೆ ಬಂತು. ನ್ಯೂಜಿಲೆಂಡ್ 1901ರವರೆಗೆ ಒಪ್ಪಲಿಲ್ಲೆ. ಆಸ್ಟ್ರೇಲಿಯಾ ತನ್ನಲ್ಲಿಂದ ಹೋಗುವ ಕಾಗದಕ್ಕೆ ಆ ದರ ಹಾಕಿದ್ದು 1911ರಲ್ಲಿ. ನಮಗೆ ಆದಾಯ ನಷ್ಟ ಆಗ್ತು, ಬ್ಯಾಡ ಹೇಳಿ ಕೂತ್ಕಂಡ್ರು. ಇಂಡಿಯಾ ಮಾತ್ರ ಮೊದಲನೇ ದಿನವೇ ಸೇರಿತು, ಲಂಡನ್ನಿಗೆ ಅರ್ಧ ಔನ್ಸ್ ಕಾಗದಕ್ಕೆ ಒಂದಾಣೆ. ಬೇಕಾ ಬ್ಯಾಡವಾ ಹೇಳಿ ಕುಮಟೆಯವರನ್ನಾಗಲಿ ಭಟ್ಕಳದವರನ್ನಾಗಲಿ ಯಾರೂ ಕೇಳಲಿಲ್ಲೆ. ಕೇಳಲಿಕ್ಕೆ ಜನ ಆರಿಸಿ ಕಳಿಸಿದ ಸಭೆ ಇದ್ರೆ ತಾನೆ?

ಒಂದಾಣೆ ಟಪಾಲಿನಿಂದ ಕೆಟ್ಟದೇ ಆಯ್ತು ಹೇಳಿ ನಾನು ಹೇಳ್ತಿಲ್ಲೆ. ಮಗ ಬ್ಯಾರಿಸ್ಟರಿ ಓದಲಿಕ್ಕೆ ಹೋದ ಮನೆಗೆ ಅದು ದೊಡ್ಡ ಉಪಕಾರ. ಮುಂದೆ ನಮ್ಮ ಕಾಲದಲ್ಲಿ ಭಟ್ಕಳದ ಗಂಡಸರು ದುಬೈ, ಸೌದಿ ಹೇಳಿ ಹೋದಾಗ ನೀಲಿ ಏರೋಗ್ರಾಮ್ ಎಷ್ಟು ಮನೆಗೆ ಜೀವ ಕೊಟ್ಟಿದ್ದು ಹೇಳಿ ಕೇಳಿದ್ರೆ ಆ ಮನೆಯ ಹೆಂಗಸರೇ ಹೇಳ್ತ್ರು. ಒಂದೇ ಕಾಗದವನ್ನ ಅತ್ತೆ ಒಂದ್ಸಲ, ಸೊಸೆ ಹತ್ತು ಸಲ ಓದೋದು. ಟಪಾಲು ಬೇಕು, ಹಡಗೂ ಬೇಕು, ಖರ್ಚೂ ಆಗ್ತು. ಅದ್ರ ಬಗ್ಗೆ ಎರಡು ಮಾತಿಲ್ಲೆ.

ಆದ್ರೆ ಈ ಇತಿಹಾಸದಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಪೌಂಡಿನ ಅಂಕೆ ಅಲ್ಲ. ಆಸ್ಟ್ರೇಲಿಯಾದವ್ಕೆ ‘ಕೊಡ್ತಿಲ್ಲೆ’ ಹೇಳುವ ಜಾಗ ಇತ್ತು, ನಮ್ಮ ಅಜ್ಜಂದಿರಿಗೆ ಇರಲಿಲ್ಲೆ. ಎರಡು ಕಡೆಯವರೂ ದುಡ್ಡು ಕೊಟ್ಟವರೇ. ಒಬ್ಬರನ್ನ ಜಗಲಿಗೆ ಕರೆದು ಲೆಕ್ಕ ಹೇಳಿದ್ರು, ಇನ್ನೊಬ್ಬರಿಗೆ ಅಡಿಗೆಮನೆಗೇ ಬಿಲ್ಲು ಕಳಿಸಿದ್ರು. ದಾದಾಭಾಯಿ ನವರೋಜಿ, ಗೋಖಲೆಯಂಥವರು 1895ರಲ್ಲಿ ಸುರುವಾದ ವೆಲ್ಬಿ ಆಯೋಗದ ಮುಂದೆ ವಾದಿಸಿದ್ದರ ಸಾರವೂ ಇದೇ: ಇಂಡಿಯಾದ ಬಡವರ ದುಡ್ಡು ಖರ್ಚಾಗೋದಾದ್ರೆ ಇಂಡಿಯಾದವರ ಮಾತೂ ನಡೀಬೇಕು.

ನಮ್ಮ ಮನೆಗಳಲ್ಲೂ ಈಗ ಹೆಂಗಸರು ಸಂಘದ ಸಾಲ ತೆಗೀತ್ರು, ಹಪ್ಪಳ ಮಾರ್ತ್ರು, ಮಗನ ಫೀಸು ಕಟ್ತ್ರು. ಕಡೆಗೆ ‘ಲೆಕ್ಕ ನಿಂಗೆಂತಕ್ಕೆ’ ಹೇಳಿಸ್ಕಂಡು ಒಳಗೆ ಬತ್ರು. ಹಾಂಗೆ ಬರಬೇಡಿ ಅಕ್ಕಂದಿರೇ. ಪಾಲು ಕೊಟ್ಟ ಮೇಲೆ ಜಗಲಿಯಲ್ಲಿ ಕೂತು ಕೇಳಿ, ಯಾವುದಕ್ಕೆ ಎಷ್ಟಾಯ್ತು ಹೇಳಿ. ಹಡಗು ಯಾರದ್ದೇ ಇರಲಿ, ಉಪ್ಪು ನಮ್ಮದು.