ಇಂಧನದ ಪಂಪು ಮತ್ತು ದಾರಿಯ ಮೇಲಿನ ದೋಷಪರೀಕ್ಷೆ

ರಸ್ತೆಗಳ ಇತಿಹಾಸವನ್ನು ಬರೆಯುವವರು ಸೇತುವೆ, ಘಟ್ಟ, ಸುಂಕದಕಟ್ಟೆಗಳನ್ನು ಕುರಿತು ಹೇಳುವರೇ ಹೊರತು, ಆ ರಸ್ತೆಯ ನಡುವೆ ಕೆಟ್ಟು ನಿಂತ ಗಾಡಿಯನ್ನು ಕುರಿತು ಹೇಳುವುದು ವಿರಳ. ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡಗಳ ಸೀಮೆಯಲ್ಲಿ ಈ ಲೋಪವು ಸಣ್ಣದಲ್ಲ. ಹಳಿಯಾಳ ಮುಂಡಗೋಡಗಳಿಗೆ ಧಾರವಾಡ ಹುಬ್ಬಳ್ಳಿಗಳು ಸಮೀಪ. ಜೋಯಿಡಾದಿಂದ ಅಣಶಿ ಘಟ್ಟವನ್ನಿಳಿದು ಕಾರವಾರಕ್ಕೆ ಹೋಗುವ ದಾರಿಯಾದರೋ ಬಹುಮಟ್ಟಿಗೆ ಕಾಡಿನೊಳಗಿನದು. ಅಲ್ಲಿ ಎಂಜಿನ್ನಿಗೆ ಪೆಟ್ರೋಲು ಬಾರದೆ ಗಾಡಿ ನಿಂತರೆ, ಅದರ ಕಾರಣವನ್ನು ನಿಂತಲ್ಲಿಯೇ ಕಂಡುಹಿಡಿಯುವುದು ಚಾಲಕನ ವಿದ್ಯೆಯಾಗಿತ್ತು. ಆ ವಿದ್ಯೆಯ ಏಳುಬೀಳುಗಳನ್ನು ನಾವಿಲ್ಲಿ ವಿಚಾರಿಸುತ್ತೇವೆ.

ಆದಿಯ ಮೋಟಾರುಗಳಲ್ಲಿ ಅನೇಕಕ್ಕೆ ಪಂಪೇ ಇರಲಿಲ್ಲ. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ‘ಟಿ’ ಮಾದರಿಯಲ್ಲಿ ಪೆಟ್ರೋಲು ಆಸನದ ಕೆಳಗಿನ ಟಾಕಿಯಿಂದ ತನ್ನ ಭಾರದಿಂದಲೇ ಹರಿಯುತ್ತಿತ್ತು. ಏರು ಕಡಿದಾಗಿ ಪೆಟ್ರೋಲು ಕಡಮೆಯಾದರೆ ಹರಿವು ನಿಲ್ಲುತ್ತಿತ್ತು. ಆಗ ಗಾಡಿಯನ್ನು ಹಿಮ್ಮುಖವಾಗಿ ಘಟ್ಟ ಹತ್ತಿಸುತ್ತಿದ್ದರು! ತರುವಾಯ ಎಂಜಿನ್ನಿನ ಹೀರುವಿಕೆಯಿಂದ ಪೆಟ್ರೋಲನ್ನು ಮೇಲೆತ್ತುವ ನಿರ್ವಾತದ ಟಾಕಿ ಬಂದಿತು. ದೀರ್ಘವಾದ ಏರಿನಲ್ಲಿ ಆ ಹೀರುವಿಕೆಯೇ ಕುಗ್ಗುತ್ತಿದ್ದುದರಿಂದ, ಬೇಕಾದ ಹೊತ್ತಿಗೇ ಅದು ಕೈಕೊಡುತ್ತಿತ್ತು.

ಎಂಜಿನ್ನಿನ ಕ್ಯಾಮ್ ದಂಡದಿಂದ ನಡೆಯುವ ಡಯಾಫ್ರಂ ಪಂಪು ಈ ಕೊರತೆಯನ್ನು ನೀಗಿತು. ಮೆಕ್ಯಾನಿಕರು ಇದನ್ನು ‘ಎ.ಸಿ. ಪಂಪು’ ಎನ್ನುವುದುಂಟು. ಆ ಎರಡಕ್ಷರಗಳು ಆಲ್ಬರ್ಟ್ ಚಾಂಪಿಯನ್ ಎಂಬ ಉದ್ಯಮಿಯ ಹೆಸರಿನವು. ಗಾಡಿಯನ್ನು ತಂಪುಮಾಡುವ ಯಂತ್ರಕ್ಕೂ ಅವಕ್ಕೂ ಸಂಬಂಧವಿಲ್ಲವೆಂಬುದನ್ನು ಇಂದಿನ ವಿದ್ಯಾರ್ಥಿಗಳಿಗೆ ಹೇಳಬೇಕಾಗಿದೆ. 1950ರ ದಶಕದ ಕೊನೆಯಿಂದ ನಮ್ಮ ರಸ್ತೆಗಳಲ್ಲಿ ಓಡಿದ ಅಂಬಾಸಡರಿನಲ್ಲಿ ಬಹುಕಾಲ ಇದ್ದುದು ಈ ಜಾತಿಯ ಪಂಪೇ.

ಇದರ ದೋಷಪರೀಕ್ಷೆಗೆ ಒಂದು ಕ್ರಮವಿದ್ದಿತು. ಮೊದಲು ಟಾಕಿಯಲ್ಲಿ ಪೆಟ್ರೋಲಿದೆಯೇ ಎಂದು ನೋಡುವುದು. ಇದನ್ನು ಮರೆತು ಪಂಪನ್ನು ಬಿಚ್ಚಿದವರು ಕಡಮೆಯೇನಲ್ಲ. ಆಮೇಲೆ ಕಾರ್ಬ್ಯುರೇಟರಿನ ಬಳಿ ನಳಿಗೆಯನ್ನು ಬಿಚ್ಚಿ, ಪಾತ್ರೆಯೊಂದನ್ನು ಹಿಡಿದು, ಎಂಜಿನ್ನನ್ನು ತಿರುಗಿಸುವುದು. ಪೆಟ್ರೋಲು ತಾಳಬದ್ಧವಾಗಿ ಚಿಮ್ಮಿದರೆ ಪಂಪು ನಿರ್ದೋಷಿ. ಚಿಮ್ಮದಿದ್ದರೆ ಜಾಲರಿಯಲ್ಲಿ ಕಸ, ನಳಿಗೆಯ ಕೀಲಿನಲ್ಲಿ ಗಾಳಿ, ಕವಾಟದ ಸೋರಿಕೆ, ಹರಿದ ಡಯಾಫ್ರಂ ಇವುಗಳಲ್ಲೊಂದನ್ನು ಸಂಶಯಿಸಬೇಕು. ಬೇಸಗೆಯಲ್ಲಿ ಇನ್ನೊಂದು ಕಾರಣವೂ ಉಂಟು: ಎಂಜಿನ್ನಿನ ಕಾವಿನಿಂದ ಪೆಟ್ರೋಲು ಆವಿಯಾಗಿ ನಳಿಗೆಯನ್ನು ಕಟ್ಟಿಹಾಕುವುದು. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಸ್ವಲ್ಪ ಹೊತ್ತು ಕುಳಿತರೆ ಗಾಡಿ ತಾನಾಗಿ ಹೊರಡುತ್ತಿತ್ತು. 1948ರಲ್ಲಿ ಹೊರಬಂದ ಮಾರಿಸ್ ಮೈನರಿನ ವಿದ್ಯುತ್ ಪಂಪಿಗಂತೂ, ಅದರೊಳಗಿನ ಸಂಪರ್ಕಬಿಂದುಗಳು ಸವೆದಾಗ, ಮೆಲ್ಲನೆ ಒಂದು ಪೆಟ್ಟು ಕೊಡುವುದೇ ಪ್ರಸಿದ್ಧ ಚಿಕಿತ್ಸೆ.

ಈ ಪರೀಕ್ಷೆಗಳೆಲ್ಲ ಕಣ್ಣು, ಕಿವಿ, ಕೈಗಳಿಂದ ಸಾಧ್ಯವಾಗಿದ್ದುವೆಂಬುದು ನಮ್ಮ ದೃಷ್ಟಿಯಲ್ಲಿ ಮುಖ್ಯವಾದ ಅಂಶ. 2000ದ ಸುಮಾರಿನಿಂದ, ಹೊಗೆಯ ನಿಯಮಗಳು ಬಿಗಿಯಾದಂತೆ, ನಮ್ಮ ಕಾರುಗಳಲ್ಲಿ ಕಾರ್ಬ್ಯುರೇಟರಿನ ಸ್ಥಾನವನ್ನು ಇಂಧನವನ್ನು ಒತ್ತಡದಿಂದ ಸಿಂಪಡಿಸುವ ಇಂಜೆಕ್ಷನ್ ವ್ಯವಸ್ಥೆ ಆಕ್ರಮಿಸಿತು. ಪಂಪು ಟಾಕಿಯೊಳಗೆ ಮುಳುಗಿತು. ಸುತ್ತಲಿನ ಪೆಟ್ರೋಲೇ ಅದನ್ನು ತಂಪಾಗಿಡುವುದರಿಂದ, ಟಾಕಿಯನ್ನು ಸದಾ ಬರಿದಾಗಿಸಿ ಓಡಿಸುವವನು ಪಂಪಿನ ಆಯುಸ್ಸನ್ನು ಕುಗ್ಗಿಸುತ್ತಾನೆ. ಈ ಪಂಪು ಹಿಂದಿನವುಗಳಿಗಿಂತ ವಿಶ್ವಾಸಾರ್ಹವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ನಿಂತಾಗ ಚಾಲಕನಿಗೆ ಉಳಿದಿರುವುದು ಅತ್ಯಲ್ಪ: ಕೀಲಿ ತಿರುಗಿಸಿದೊಡನೆ ಹಿಂಭಾಗದಲ್ಲಿ ಒಂದೆರಡು ಕ್ಷಣ ಸಣ್ಣಗೆ ಗುಂಯ್‌ಗುಟ್ಟುವ ಸದ್ದು ಬರುವುದೋ ಎಂದು ಆಲಿಸಬಹುದು, ಫ್ಯೂಸು, ರಿಲೇಗಳನ್ನು ನೋಡಬಹುದು. ಮುಂದಿನದಕ್ಕೆ ಒತ್ತಡಮಾಪಕ ಬೇಕು, ಹಿಂದಿನ ಆಸನವನ್ನೆತ್ತಬೇಕು ಅಥವಾ ಟಾಕಿಯನ್ನೇ ಇಳಿಸಬೇಕು. ಹುಲಿ ಸಂರಕ್ಷಿತ ಪ್ರದೇಶದ ನಡುವೆ ಇದು ಆಗುವ ಮಾತಲ್ಲ.

ಕೈಪಿಡಿಗಳಲ್ಲಿ ಯಂತ್ರದ ಚಿತ್ರ ದೊರೆಯುವುದು. ಒದ್ದೆ ಬಟ್ಟೆಯನ್ನು ಎಷ್ಟು ಹೊತ್ತು ಇಡಬೇಕು, ಪೆಟ್ಟು ಎಷ್ಟು ಮೆಲ್ಲಗಿರಬೇಕು ಎಂಬುದು ವೃದ್ಧ ಮೆಕ್ಯಾನಿಕರ ನೆನಪಿನಲ್ಲಿದೆ. ಅವರ ಮಾತನ್ನು ಅವರ ಪರಿಭಾಷೆಯಲ್ಲಿಯೇ ಬರೆದುಕೊಳ್ಳುವ ಕಾರ್ಯವನ್ನು ನಮ್ಮ ವಿದ್ಯಾರ್ಥಿಗಳು ಹಳಿಯಾಳ ದಾಂಡೇಲಿಗಳ ಗ್ಯಾರೇಜುಗಳಿಂದ ಆರಂಭಿಸಬಹುದು.